ಹಿಡಿಂಬೆಯ ಒಲವು

ಅಸುರಕುಲದ ಹೆಣ್ಣು ದೇವಾಂಶದ ಗಂಡನ್ನು ಮೆಚ್ಚಿದ ಕಥೆಗಳು ನಮ್ಮಲ್ಲಿ ಕೆಲವಿವೆ. ಬಾಣಾಸುರನ ಮಗಳು ಉಷೆಯು ಕೃಷ್ಣನ ಮೊಮ್ಮಗ ಅನಿರುದ್ಧನನ್ನು ಕನಸಿನಲ್ಲಿ ಕಂಡು ವರಿಸಿದಳು. ತಂದೆ ಅಳಿಯನನ್ನು ಸೆರೆಯಲ್ಲಿಟ್ಟನು, ಯುದ್ಧವಾಯಿತು, ಕಡೆಗೆ ಮದುವೆಯೂ ಆಯಿತು. ಯಕ್ಷಗಾನದವರಿಗೆ ಪ್ರಿಯವಾದ ಪ್ರಸಂಗವದು. ಹಿಡಿಂಬೆಯ ಕಥೆ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ನಾಲ್ಕನೆಯ ತರಗತಿಯಲ್ಲಿ ಆ ಪಾಠವನ್ನು ಮುಗಿಸಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಆಮೇಲೆ ಅವಳಿಗೇನಾಯಿತು, ಮೇಷ್ಟ್ರೇ?" ಎಂದು ಕೇಳಿದಳು. ನಾನು ಗ್ರಂಥಗಳನ್ನು ತಿರುವಿ ನೋಡಿದ್ದು ಆ ಪ್ರಶ್ನೆಯಿಂದಲೇ.

ಅರಗಿನ ಮನೆಯಿಂದ ಪಾರಾದ ಪಾಂಡವರು ಕಾಡಿನಲ್ಲಿ ಮಲಗಿದ್ದಾರೆ. ವಾಯುಪುತ್ರನಾದ ಭೀಮನೊಬ್ಬನೇ ಎಚ್ಚರವಾಗಿದ್ದಾನೆ. ನರವಾಸನೆಯನ್ನು ಹಿಡಿದ ಹಿಡಿಂಬನು, ಅವರನ್ನು ಕೊಂದು ತರುವಂತೆ ತಂಗಿಯನ್ನು ಅಟ್ಟುತ್ತಾನೆ. ಅವಳು ಬಂದು ಭೀಮನನ್ನು ಕಂಡು, ಬಂದ ಕೆಲಸವನ್ನೇ ಮರೆಯುತ್ತಾಳೆ. ಚೆಲುವಾದ ಮಾನವರೂಪವನ್ನು ತಾಳಿದರೂ ತಾನು ಯಾರೆಂಬುದನ್ನು ಅವಳು ಮರೆಮಾಚಲಿಲ್ಲ. ಅಣ್ಣನು ತನ್ನನ್ನು ಏಕೆ ಕಳುಹಿಸಿದನೆಂಬುದನ್ನೂ ಮೊದಲ ಮಾತಿನಲ್ಲಿಯೇ ತಿಳಿಸಿದಳು. ಕುಲಕ್ಕೆ ಕಳಂಕ ತಂದಳೆಂದು ಅಣ್ಣನು ಅವಳ ಮೇಲೆಯೇ ಏರಿಬಂದನು. ಭೀಮನು ಅವನನ್ನು ಕೊಂದನು. ಅಲ್ಲಿಗೂ ಅವಳ ಕಷ್ಟ ತೀರಲಿಲ್ಲ. ರಾಕ್ಷಸರು ಹಗೆಯನ್ನು ಮರೆಯುವವರಲ್ಲ, ನೀನೂ ಅಣ್ಣನ ದಾರಿಯನ್ನೇ ಹಿಡಿ ಎಂದು ಗದರಿದವನು ಅದೇ ಭೀಮ! ಹೆಂಗಸನ್ನು ಕೊಲ್ಲಲಾಗದೆಂದು ಧರ್ಮರಾಯನು ತಡೆಯಬೇಕಾಯಿತು.

ಬಂಧುಗಳನ್ನೂ ಸ್ವಕುಲದ ಧರ್ಮವನ್ನೂ ತೊರೆದು ಬಂದೆನೆಂದು ಹಿಡಿಂಬೆಯು ಕುಂತಿಯ ಮುಂದೆ ಕೈಮುಗಿದು ನಿಂತಳು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹೆಣ್ಣನ್ನು ಬಲಾತ್ಕಾರದಿಂದ ಹೊತ್ತೊಯ್ಯುವ ಮದುವೆಗೆ ನಮ್ಮ ಸ್ಮೃತಿಕಾರರು 'ರಾಕ್ಷಸ ವಿವಾಹ'ವೆಂದು ಹೆಸರಿಟ್ಟು, ಅದನ್ನು ಕ್ಷತ್ರಿಯರಿಗೆ ಒಪ್ಪಿಸಿದರು. ಕಾಶೀರಾಜನ ಕುವರಿಯರನ್ನು ಭೀಷ್ಮನು ತಂದದ್ದು ಹಾಗೆ. ಸುಭದ್ರೆಯನ್ನು ಅರ್ಜುನನು ಒಯ್ದದ್ದೂ ಹಾಗೆ. ನಿಜವಾದ ರಾಕ್ಷಸಿಯಾದರೋ ಅತ್ತೆಯ ಅಪ್ಪಣೆಯನ್ನು ಬೇಡಿದಳು.

ಅಪ್ಪಣೆಯೇನೋ ದೊರೆಯಿತು, ಆದರೆ ಕರಾರಿನ ಮೇಲೆ. ಹಗಲೆಲ್ಲ ಭೀಮನೊಡನೆ ವಿಹರಿಸಬಹುದು, ಇರುಳಾಗುವ ಮುನ್ನ ಅವನನ್ನು ತಂದೊಪ್ಪಿಸಬೇಕೆಂದು ಧರ್ಮರಾಯನು ವಿಧಿಸಿದನು. ಮಗನು ಹುಟ್ಟುವವರೆಗೆ ಮಾತ್ರ ಎಂಬುದನ್ನು ಭೀಮನೇ ಸೇರಿಸಿದನು. ಇರುಳಿನಲ್ಲಿ ರಾಕ್ಷಸರಿಗೆ ಬಲ ಹೆಚ್ಚೆಂಬ ನಂಬಿಕೆಯೇ ಈ ಕಟ್ಟಿಗೆ ಕಾರಣವಾಗಿರಬೇಕೆಂದು ನನ್ನ ಊಹೆ. ಘಟೋತ್ಕಚನು ಹುಟ್ಟಿದನು. ಹಿಡಿಂಬೆ ಮಾತಿಗೆ ತಪ್ಪದೆ ಹೊರಟುಹೋದಳು. ನೆನೆದಾಗ ಬರುವೆನೆಂದು ಮಗನೂ ಮಾತು ಕೊಟ್ಟನು.

ಆ ಮಾತನ್ನು ಅವನು ಉಳಿಸಿಕೊಂಡನು. ವನವಾಸದಲ್ಲಿ ದ್ರೌಪದಿ ನಡೆಯಲಾರದೆ ಬಳಲಿದಾಗ ಬಂದು, ಅವಳನ್ನು ಹೊತ್ತುಕೊಂಡು ಬೆಟ್ಟಗಳನ್ನು ದಾಟಿಸಿದನು. ತಾಯಿಯ ಸವತಿಯನ್ನು ಹೊತ್ತ ಮಗನೆಂದು ಅವನನ್ನು ಹೊಗಳಿದವರು ಕಡಿಮೆ. ಯುದ್ಧದ ಹದಿನಾಲ್ಕನೆಯ ದಿನದ ರಾತ್ರಿ ಪಾಂಡವರಿಗೆ ಬೇಕಾದದ್ದು ಆ ರಾಕ್ಷಸಬಲವೇ. ಇಂದ್ರನು ಕೊಟ್ಟಿದ್ದ, ಒಂದೇ ಸಾರಿ ಪ್ರಯೋಗಿಸಬಹುದಾದ ಶಕ್ತ್ಯಾಯುಧವನ್ನು ಕರ್ಣನು ಅರ್ಜುನನಿಗೆಂದು ಕಾಯ್ದಿಟ್ಟಿದ್ದನು. ಅದು ಘಟೋತ್ಕಚನ ಮೇಲೆ ವ್ಯಯವಾಯಿತು. ಸಾಯುತ್ತಲೂ ಅವನು ತನ್ನ ದೇಹವನ್ನು ಬೆಳೆಸಿ ಕೌರವಸೇನೆಯ ಮೇಲೆ ಬಿದ್ದನು. ಪಾಂಡವರು ಅತ್ತರು, ಕೃಷ್ಣನು ಕುಣಿದನು. ಅವನು ಯಜ್ಞದ್ವೇಷಿ, ಕರ್ಣನು ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಎಂದು ಕೃಷ್ಣನಾಡಿದ ಮಾತನ್ನು ವ್ಯಾಸಭಾರತವು ಅಡಗಿಸದೆ ದಾಖಲಿಸಿದೆ. ತಂದೆಯ ಪಕ್ಷಕ್ಕಾಗಿ ಮಡಿದವನು ಆ ಪಕ್ಷದವರಿಗೆ ಕೊನೆಗೂ ರಾಕ್ಷಸನೇ. ಮಗನ ಸುದ್ದಿಯನ್ನು ತಾಯಿಗೆ ಯಾರು ಮುಟ್ಟಿಸಿದರು?

ಕನ್ನಡ ಕವಿಗಳಿಗೆ ಭೀಮನು ಅಚ್ಚುಮೆಚ್ಚಿನವನು. ನಮ್ಮ ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, ಎಂದರೆ 9ನೆಯ ಶತಮಾನದ, ಕನ್ನಡ ಶಾಸನಗಳಿವೆ. ಆ ಬಳಿಕ 941ರಲ್ಲಿ ಪಂಪನು ಭಾರತವನ್ನು ಬರೆದನು. ಅದೇ ಶತಮಾನದ ರನ್ನನು ಭೀಮನನ್ನೇ ನಾಯಕನನ್ನಾಗಿ ಮಾಡಿ 'ಗದಾಯುದ್ಧ'ವನ್ನು ರಚಿಸಿದನು. ಅಲ್ಲಿ ಭೀಮನ ಛಲವೆಲ್ಲ ದ್ರೌಪದಿಯ ಮುಡಿಗಾಗಿ. ಹರೂರಿನ ಸುತ್ತಿನ ಸೀಮೆಯಲ್ಲಿಯೂ ಅಷ್ಟೆ. ದ್ರೌಪದಿಯಮ್ಮನ ಗುಡಿಗಳ ಮುಂದೆ ಹಗಲು ಭಾರತಶ್ರವಣ, ಇರುಳು ತೆರುಕೂತ್ತು, ಕಡೆಯಲ್ಲಿ ಕೆಂಡ ತುಳಿಯುವುದು. ಪೂಜೆಯೆಲ್ಲ ದ್ರೌಪದಿಗೆ.

ಚಿತ್ರದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯುಂಟು. ಕಾಳಗವು ನಡೆದದ್ದು ಅಲ್ಲಿಯೇ ಎಂದು ಸ್ಥಳೀಯರ ನಂಬಿಕೆ. ಹಿಡಿಂಬನ ಹಲ್ಲೆಂದು ಒಂದು ದೊಡ್ಡ ಎಲುಬನ್ನೂ, ಭೀಮನ ಭೇರಿಯೆಂದು ಕಬ್ಬಿಣದ ತಗಡುಗಳ ಒಂದು ಉರುಳೆಯನ್ನೂ ಅಲ್ಲಿ ತೋರಿಸುವುದುಂಟು. ಇವು ಚರಿತ್ರೆಯ ಸಾಕ್ಷ್ಯಗಳಾಗಲಾರವು. ಆದರೂ ಅಣ್ಣನ ಹಲ್ಲು ಉಳಿದ ಆ ಊರಿನಲ್ಲಿ ತಂಗಿಯ ಗುರುತೇನು ಎಂದು ಕೇಳಬೇಕೆನಿಸುತ್ತದೆ.

ಗುರುತಿರುವುದು ಬಹುದೂರದ ಹಿಮಾಲಯದಲ್ಲಿ. ಮನಾಲಿಯ ದೇವದಾರು ವನದ ನಡುವೆ, 1553ರಲ್ಲಿ ರಾಜಾ ಬಹಾದುರ್ ಸಿಂಗನು ಕಟ್ಟಿಸಿದ ಮರದ ಗುಡಿಯಲ್ಲಿ ಹಿಡಿಂಬೆಯೇ ದೇವಿ. ಕುಲ್ಲು ರಾಜಮನೆತನದವರು ಅವಳನ್ನು ತಮ್ಮ ಅಜ್ಜಿಯೆಂದು ಕರೆಯುತ್ತಾರೆ. ಅವಳು ಬಂದಲ್ಲದೆ ಅಲ್ಲಿಯ ದಸರೆ ಆರಂಭವಾಗುವುದಿಲ್ಲ.

ಮರುದಿನ ಇದನ್ನು ಆ ಹುಡುಗಿಗೆ ಹೇಳಿದೆನು. "ಭೀಮನೂ ಅಲ್ಲೇ ಇದ್ದಾನೆಯೇ?" ಎಂದಳು. ಗುಡಿಯ ಹತ್ತಿರದಲ್ಲಿ ಒಂದು ಮರದ ಬುಡದಲ್ಲಿ ಘಟೋತ್ಕಚನಿಗೆ ಪೂಜೆ ಸಲ್ಲುತ್ತದೆ ಎಂದೆನು.