ಮಾನಸಗಂಗೋತ್ರಿಯ ಹಣ್ಣುನೊಣ, ಮನುಷ್ಯನ ವರ್ಣತಂತು

ನಂಜನಗೂಡು, ಚಿಕ್ಕಯ್ಯನಛತ್ರ, ತಿ. ನರಸೀಪುರದ ಕಡೆ ಬಾಳೆಹಣ್ಣು ಕಳಿತರೆ ಸಾಕು, ಎರಡು ಮೂರು ಮಿಲಿಮೀಟರಿನ ಸಣ್ಣ ನೊಣಗಳು ಮುತ್ತುತ್ತವೆ. ಡ್ರಾಸೊಫಿಲಾ ಎಂಬ ಈ ನೊಣದ ಅಧ್ಯಯನದಿಂದ ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ದೇಶದಾಚೆಗೂ ಹೆಸರಾಯಿತು. ಆ ಕೆಲಸವನ್ನು ಜೀವವಿಕಾಸದ ಅಧ್ಯಾಯವೆಂದಷ್ಟೇ ಓದುವುದು ರೂಢಿ. ಮನುಷ್ಯನ ಆನುವಂಶಿಕ ಕಾಯಿಲೆಗಳ ಚರಿತ್ರೆಯ ಜೊತೆಗಿಟ್ಟು ಅದನ್ನು ಓದಬೇಕೆಂಬುದು ನನ್ನ ವಾದ.

ನ್ಯೂಯಾರ್ಕಿನಲ್ಲಿ ಟಿ.ಎಚ್. ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ನೊಣವೊಂದರ ಜಾಡು ಹಿಡಿದು, ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎಂಬುದಕ್ಕೆ ಪುರಾವೆ ಕೊಟ್ಟರು. ಮೈಸೂರಿನಲ್ಲಿ ಈ ವಿದ್ಯೆ ಬೇರೂರಿದ್ದು ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ ಅವರ ಕಾಲದಲ್ಲಿ. ಹಿಸುಕಿದ ಬಾಳೆಹಣ್ಣಿನ ಬಾಟಲಿಗಳನ್ನು ಪೊದೆಗಳಿಗೆ ಕಟ್ಟಿ ನೊಣ ಹಿಡಿಯುತ್ತಿದ್ದರು. ಮೈಸೊರೆನ್ಸಿಸ್, ನಾಗರಹೊಳೆನ್ಸಿಸ್, ಆಗುಂಬೆನ್ಸಿಸ್ ಎಂದು ನಮ್ಮ ನೆಲದ ಹೆಸರು ಹೊತ್ತ ಪ್ರಭೇದಗಳು ವಿಜ್ಞಾನದ ಪಟ್ಟಿ ಸೇರಿದ್ದು ಹೀಗೆ. ಬೆಳೆದ ಮರಿಹುಳುವಿನ ಜೊಲ್ಲುಗ್ರಂಥಿಯನ್ನು ಸೂಜಿಮೊನೆಯಲ್ಲಿ ಬಿಡಿಸಿ, ಬಣ್ಣ ಹಾಕಿ, ಗಾಜಿನಡಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಪ್ಪನೆಯ ವರ್ಣತಂತುಗಳ ಪಟ್ಟೆಗಳು ಒಂದೊಂದಾಗಿ ಕಾಣುತ್ತವೆ. ಎಲ್ಲಿ ತುಣುಕು ತಿರುವುಮುರುವಾಗಿದೆ ಎಂಬುದನ್ನು ಕಣ್ಣಿನಲ್ಲೇ ಗುರುತಿಸಬಹುದು.

ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ 1980ರ ದಶಕದಲ್ಲಿ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ. ಡ್ರಾಸೊಫಿಲಾ ನಸೂಟಾದಲ್ಲಿ 8 ವರ್ಣತಂತುಗಳು. ಅದರ ಹತ್ತಿರದ ಬಂಧು ಆಲ್ಬೊಮಿಕನ್ಸ್‌ನಲ್ಲಿ 6. ಏನೂ ಕಳೆದುಹೋಗಿಲ್ಲ, ಮೂರನೆಯ ವರ್ಣತಂತು ಲಿಂಗ ವರ್ಣತಂತುವಿಗೆ ಬೆಸೆದುಕೊಂಡಿದೆ, ಅಷ್ಟೆ. ಇವೆರಡನ್ನೂ ಕೂಡಿಸಿದಾಗ ಹುಟ್ಟಿದ ಮಿಶ್ರತಳಿಗಳು ಬಂಜೆಯಾಗಲಿಲ್ಲ. ತಲೆಮಾರುಗಳು ಕಳೆದಂತೆ ಹೊಸ ವರ್ಣತಂತು ಜೋಡಣೆಯ ಸ್ಥಿರ ತಳಿಗಳು ಪ್ರಯೋಗಾಲಯದ ಬಾಟಲಿಗಳಲ್ಲೇ ರೂಪುಗೊಂಡವು. ಅವುಗಳಿಗೆ ಸೈಟೊರೇಸ್ ಎಂದು ಹೆಸರಿಟ್ಟರು.

ವರ್ಣತಂತುಗಳ ಇಂಥ ಬೆಸುಗೆ ಮನುಷ್ಯನಲ್ಲೂ ಉಂಟು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಿರುತ್ತದೆಂದು ಜೆರೋಮ್ ಲೆಜೂನ್ ತಂಡ 1959ರಲ್ಲಿ ತೋರಿಸಿತು. ಮರುವರ್ಷವೇ ಲಂಡನ್ನಿನಲ್ಲಿ ಪೋಲಾನಿ ತಂಡ ಅದೇ ಲಕ್ಷಣಗಳಿದ್ದ, ಆದರೆ ಲೆಕ್ಕಕ್ಕೆ 46 ವರ್ಣತಂತುಗಳೇ ಇದ್ದ ಬಾಲಕಿಯೊಬ್ಬಳನ್ನು ವರದಿ ಮಾಡಿತು. ಹೆಚ್ಚಿನ 21 ಮತ್ತೊಂದು ವರ್ಣತಂತುವಿಗೆ ಅಂಟಿಕೊಂಡಿತ್ತು. ಇಂಥ ಬೆಸುಗೆ ಹೊತ್ತ ತಾಯಿಯಲ್ಲಿ 45 ವರ್ಣತಂತುಗಳಿದ್ದರೂ ಆಕೆ ಆರೋಗ್ಯವಂತೆ. ಅಂಡಾಣು ರೂಪುಗೊಳ್ಳುವಾಗ ಹಂಚಿಕೆ ತಪ್ಪಿದರೆ ಮಾತ್ರ ತೊಂದರೆ. ಬೆಸುಗೆಯೇ ರೋಗವಲ್ಲ, ಹಂಚಿಕೆಯ ಏರುಪೇರು ರೋಗ ಎಂಬುದನ್ನು ಅರಿಯಲು ಮಾನಸಗಂಗೋತ್ರಿಯ ನೊಣಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಆ ನೊಣ ಮದ್ದು ಕೊಡಲಿಲ್ಲ ನಿಜ, ಆದರೆ ತಾಯಿಯ ಮೇಲೆ ತಪ್ಪು ಹೊರಿಸುವ ಮಾತಿಗೆ ಆಧಾರವಿಲ್ಲವೆಂಬುದನ್ನು ಅದರಿಂದ ತಿಳಿಯಬಹುದು.

ಡೌನ್ ಸಿಂಡ್ರೋಮ್‌ನಲ್ಲಿ ಬೆಸುಗೆಯಿಂದ ಬರುವವು ನೂರಕ್ಕೆ ಮೂರು ನಾಲ್ಕು ಮಾತ್ರ. ಆದರೆ ಮುಂದಿನ ಮಗುವಿಗೂ ಮರುಕಳಿಸುವ ಸಾಧ್ಯತೆ ಹೆಚ್ಚಿರುವುದು ಇಲ್ಲಿಯೇ. ಡೌನ್ ಸಿಂಡ್ರೋಮ್ ಇರುವ ಮಗು ಮನೆಯಲ್ಲಿದ್ದರೆ ಮಗುವಿಗೆ ಕ್ಯಾರಿಯೋಟೈಪ್ (ವರ್ಣತಂತು) ಪರೀಕ್ಷೆ ಮಾಡಿಸಿ. ಬೆಸುಗೆ ಕಂಡರೆ ತಂದೆ ತಾಯಿ ಇಬ್ಬರೂ ಮಾಡಿಸಿಕೊಳ್ಳಿ.