ಕೀ ಕೈಗೆ ಬರೋ ಮುಂಚೆ: ಶರಾವತಿಯಿಂದ ಅಪಾರ್ಟ್‌ಮೆಂಟ್‌ವರೆಗೆ ಒಂದು ಪದದ ಇತಿಹಾಸ

ಇವತ್ತಿನ ಎಪಿಸೋಡ್ ಒಂದೇ ಒಂದು ಪದದ ಬಗ್ಗೆ: ಕಮಿಷನಿಂಗ್. ಬ್ರೋಕರ್ ತಗೊಳ್ಳೋ ಕಮಿಷನ್ ಅಲ್ಲ. ಕಟ್ಟಿದ್ದು ಹೇಳಿದ ಹಾಗೇ ಕೆಲಸ ಮಾಡುತ್ತಾ ಅಂತ ಒಂದೊಂದಾಗಿ ಪರೀಕ್ಷೆ ಮಾಡಿ, ಬರೆದಿಟ್ಟು, ಆಮೇಲೆ ಒಪ್ಪಿಸೋದು.

ಈ ಪದ ಬಂದಿದ್ದು ನೌಕಾಪಡೆಯಿಂದ. ಹೊಸ ಹಡಗನ್ನು ಸಮುದ್ರದಲ್ಲಿ ಓಡಿಸಿ ನೋಡಿದ ಮೇಲೇ ಸೇವೆಗೆ ಸೇರಿಸ್ತಿದ್ದರು. ನಮ್ಮ ಮಲೆನಾಡಿಗೆ ಅದು ಬಂದಿದ್ದು ಕರೆಂಟಿನ ಜೊತೆ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ, ಸಾಗರ ತಾಲೂಕಿಗೆ ಬಂದು, ಜೋಗದಲ್ಲಿ ಧುಮುಕುತ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಒಂದೇ ದಿನ ಶುರುವಾಗಲಿಲ್ಲ. ಒಂದೊಂದಾಗಿ ಸೇರಿ 1977ರ ಹೊತ್ತಿಗೆ ಒಟ್ಟು 1035 ಮೆಗಾವ್ಯಾಟ್ ಆಯ್ತು. ಜಲವಿದ್ಯುತ್ ಯಂತ್ರವನ್ನು ಮೊದಲು ಖಾಲಿ ತಿರುಗಿಸ್ತಾರೆ, ಆಮೇಲೆ ಲೋಡ್ ಕೊಡ್ತಾರೆ, ಲೋಡನ್ನು ದಿಢೀರ್ ತೆಗೆದು ಯಂತ್ರ ಹಿಡಿತದಲ್ಲಿ ಇರುತ್ತಾ ಅಂತಾನೂ ನೋಡ್ತಾರೆ.

ಯಂತ್ರಕ್ಕೆ ಇಷ್ಟು ಪರೀಕ್ಷೆ. ಆದರೆ ಮುಳುಗಡೆಯಾಗಿ ಎದ್ದು ಹೋದ ಕುಟುಂಬಗಳಿಗೆ ಕೊಟ್ಟ ಜಾಗದಲ್ಲಿ ನೀರಿದೆಯಾ, ದಾರಿಯಿದೆಯಾ, ಹಕ್ಕುಪತ್ರ ಸರಿಯಿದೆಯಾ ಅಂತ ಅಷ್ಟೇ ಶ್ರದ್ಧೆಯಿಂದ ನೋಡಲಿಲ್ಲ. ಎಷ್ಟೋ ಮನೆಗಳ ಭೂಮಿ ಹಕ್ಕಿನ ಜಗಳ ಅರವತ್ತು ವರ್ಷವಾದ್ರೂ ಮುಗಿದಿಲ್ಲ. ಒಪ್ಪಿಸುವಾಗ ಪರೀಕ್ಷೆ ಆಗದಿದ್ರೆ ಹೊರೆ ಬೀಳೋದು ಪಡೆದವರ ಮೇಲೆ.

ಕಟ್ಟಡಗಳಿಗೆ ಈ ಪದ್ಧತಿ ಬಂದಿದ್ದು ತಡವಾಗಿ. ಎಸಿ, ಪಂಪ್, ವೈರಿಂಗ್ ಎಲ್ಲ ಜಟಿಲವಾದ ಮೇಲೆ, ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಆಶ್ರೇ 1989ರಲ್ಲಿ ಇದಕ್ಕೊಂದು ಮಾರ್ಗಸೂಚಿ ತಂತು.

ಈಗ ನಮ್ಮ ಹುಡುಗ ಹುಡುಗಿಯರ ವಿಷಯಕ್ಕೆ ಬರೋಣ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ಇಪ್ಪತ್ತು ವರ್ಷದ ಸಾಲ ಮಾಡಿ ಫ್ಲ್ಯಾಟ್ ತಗೊಳ್ತಾರೆ. ಗೃಹಪ್ರವೇಶ ಜೋರಾಗಿ ಆಗುತ್ತೆ. ಆದರೆ ಟೆರೇಸಿನಲ್ಲಿ ನೀರು ನಿಲ್ಲಿಸಿ ಸೋರಿಕೆ ನೋಡಿದ್ರಾ? ಕರೆಂಟ್ ತೆಗೆದು, ಜನರೇಟರ್ ಪೂರ್ತಿ ಲೋಡ್ ಎಳೆಯುತ್ತಾ ಅಂತ ನೋಡಿದ್ರಾ? ಬೆಂಕಿ ನಂದಿಸೋ ಪಂಪಿನ ನೀರು ಮೇಲಿನ ಮಹಡಿಗೆ ಒತ್ತಡದಲ್ಲಿ ಬರುತ್ತಾ? ಕೊಳಚೆ ನೀರಿನ ಘಟಕ ನಡೀತಾ ಇದೆಯಾ?

ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ತಾರೆ. ಆಗುಂಬೆ, ಹುಲಿಕಲ್ ಕಡೆ ಮಳೆ ಸುಮ್ಮನೆ ಬಿಡಲ್ಲ ಅಂತ ಎಲ್ಲರಿಗೂ ಗೊತ್ತು. ಕಮಿಷನಿಂಗ್ ಅಂದ್ರೆ ಅದೇ ಬುದ್ಧಿ, ಬಹುಮಹಡಿಗೆ.

ನಾನು ಕಾಮರ್ಸ್ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಕಂಟ್ರಾಕ್ಟರ್ ಸೈಟಲ್ಲಿ ಇರುವಾಗ ಸಿಕ್ಕ ದೋಷ ಅವರ ಖರ್ಚು. ಅವರು ಹೋದ ಮೇಲೆ ಸಿಕ್ಕಿದ್ದು ನಿಮ್ಮ ತಿಂಗಳ ಮೇಂಟೆನೆನ್ಸ್‌ಗೆ ಸೇರುವ ಅಪಾಯ ಜಾಸ್ತಿ. ಪರೀಕ್ಷೆಯ ವರದಿ ಇದ್ರೆ ಅದೇ ನಿಮ್ಮ ಓಪನಿಂಗ್ ಬ್ಯಾಲೆನ್ಸ್: ಮುಂದೆ ಪಂಪ್ ಜಾಸ್ತಿ ಕರೆಂಟ್ ತಿಂದ್ರೆ ಮೊದಲ ದಿನದ ಅಂಕಿ ಜೊತೆ ಹೋಲಿಸಬಹುದು.

ಕಾನೂನೂ ಜೊತೆಗಿದೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ಗಮನಕ್ಕೆ ತಂದ್ರೆ, ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. 17ನೇ ಸೆಕ್ಷನ್ ಪ್ರಕಾರ ನಕ್ಷೆ, ದಾಖಲೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಆದರೆ ದೋಷ ಮೊದಲಿಂದಲೇ ಇತ್ತು ಅಂತ ತೋರಿಸೋಕೆ ಕೈಯಲ್ಲಿ ಕಾಗದ ಬೇಕಲ್ಲ?

ಹಾಗಾಗಿ ಕೀ ತಗೊಳ್ಳೋ ಮುಂಚೆ ಅಕ್ಕಪಕ್ಕದವರನ್ನು ಸೇರಿಸಿ, ಸ್ವತಂತ್ರ ಎಂಜಿನಿಯರ್ ಒಬ್ಬರನ್ನು ಕರೆಸಿ, ವರದಿ ಬರೆಸಿ. ಖರ್ಚು ಹಂಚಿಕೊಂಡ್ರೆ ಭಾರ ಆಗಲ್ಲ. ಫ್ಲ್ಯಾಟ್ ನೋಡ್ತಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.