ಎಕ್ಸ್‌ಪಿ ಅನ್ನೋ ಹಳೇ ಬಾಗಿಲು: ಕನ್ನಡದ ಫೈಲುಗಳು ಸಿಕ್ಕಿಹಾಕಿಕೊಂಡ ಕಥೆ

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು: ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಎಕ್ಸ್‌ಪಿ ಹಾಕೋದು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈಬಿಟ್ಟ ಎಕ್ಸ್‌ಪಿ ಈಗ್ಯಾಕೆ ಅಂತ ಕೇಳ್ತೀರಾ? ಉತ್ತರಕ್ಕೆ ಕನ್ನಡ ಕಂಪ್ಯೂಟರ್ ಒಳಗೆ ಹೇಗೆ ಬಂತು ಅನ್ನೋ ಇತಿಹಾಸ ಗೊತ್ತಿರಬೇಕು.

ನಿಮ್ಮ ಫೋನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದ್ರೆ ಒಳಗೆ ಐದು ಸಂಕೇತ ಕೂರುತ್ತೆ: ಕ, ನ, ಒಂದು ಹಲಂತದ ಗುರುತು, ಇನ್ನೊಂದು ನ, ಆಮೇಲೆ ಡ. ಇದು ಯೂನಿಕೋಡ್. ಇದರಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕಿದ ಮಾತ್ರಕ್ಕೆ ಮನೆ ಕಟ್ಟಿದ ಹಾಗಾಗಲ್ಲ. ನಮ್ಮ ಮನೆ, ಆಫೀಸಿನ ಕಂಪ್ಯೂಟರ್‌ಗಳಿಗೆ ಆಗ ಅದನ್ನು ತೋರಿಸೋಕೆ ಬರ್ತಿರಲಿಲ್ಲ.

ಹಾಗಂತ ಕನ್ನಡಿಗರು ಕಾದು ಕೂರಲಿಲ್ಲ. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ಹಿಡಿಸೋ ವಿನ್ಯಾಸ ಮಾಡಿದ್ರು. ‘ಸೇಡಿಯಾಪು’ ಅನ್ನೋ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದ್ರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆಲ್ಲ ಹೋಯ್ತು. ನಾಡಕಚೇರಿಯಿಂದ ಮದುವೆ ಕಾರ್ಡಿನವರೆಗೂ ಅದೇ.

ಇವರೆಲ್ಲ ಬಳಸಿದ ಉಪಾಯ ಜಾಣತನದ್ದು. ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತಾ? ಸರಿ, ಅದು ಇಂಗ್ಲಿಷ್ ಅಂತಲೇ ಅಂದುಕೊಳ್ಳಲಿ, ನಾವು ಫಾಂಟಲ್ಲಿ ಚಿತ್ರ ಬದಲಾಯಿಸೋಣ. ನುಡಿ ಫಾಂಟಲ್ಲಿ ದೊಡ್ಡ ‘ಪಿ’ ಇರೋ ಜಾಗದಲ್ಲಿ ತಲೆಕಟ್ಟಿಲ್ಲದ ಕ ಇದೆ. ತಲೆ ಮೇಲೆ ಗೀಟಿರೋ ಯುರೋಪಿನ ‘ಎ’ ಅಕ್ಷರ ಅಂದ್ರೆ ತಲೆಕಟ್ಟು. ನ ಅಂದ್ರೆ ಬ್ರಿಟಿಷ್ ಪೌಂಡಿನ ಚಿಹ್ನೆ! ನ ಒತ್ತು ಅಂದ್ರೆ ಜರ್ಮನ್ ಭಾಷೆಯ ಒಂದು ಅಕ್ಷರ. ಹೀಗೆ ಏಳು ಸಂಕೇತ ಸೇರಿ ‘ಕನ್ನಡ’ ಅಂತ ಕಾಣುತ್ತೆ. ಫಾಂಟ್ ತೆಗೆದ್ರೆ ಪೌಂಡು, ಜರ್ಮನ್, ಇಂಗ್ಲಿಷ್ ಎಲ್ಲ ಕಲಸಿದ ಚಿತ್ರಾನ್ನ.

ಈ ಚಿತ್ರಾನ್ನ ನಾನು ನೋಡಿದ್ದು ನಮ್ಮೂರಲ್ಲೇ, ಹೊಸಕೋಟೆ ತಾಲೂಕಿನ ಜಡಿಗೇನಹಳ್ಳಿಯಲ್ಲಿ. ನಮ್ಮ ಚಿಕ್ಕಪ್ಪ ಬಹಳ ವರ್ಷ ಡಿಟಿಪಿ ಕೆಲಸ ಮಾಡಿದವರು. ತಿಥಿ ಕಾರ್ಡು, ಜಾತ್ರೆ ಕರಪತ್ರ, ಕುರುಕ್ಷೇತ್ರ ನಾಟಕದ ಪೋಸ್ಟರು. ಇದರ ನಡುವೆ 2006ರಲ್ಲಿ ಅಜ್ಜಿ ಮತ್ತು ಓರಗೆಯ ಹೆಂಗಸರು ಹಾಡ್ತಿದ್ದ 38 ಸೋಬಾನೆ ಪದಗಳನ್ನ ಕೂತು ಟೈಪ್ ಮಾಡಿದ್ರು. ಪ್ರಿಂಟ್ ತೆಗೆದ ಹಾಳೆಗಳಿಗೆ ಗೆದ್ದಲು ಹತ್ತಿತು. ಹಾಡಿದವರಲ್ಲಿ ಈಗ ಒಬ್ಬರೂ ಇಲ್ಲ. ಉಳಿದಿದ್ದು ಒಂದು ಲ್ಯಾಪ್‌ಟಾಪ್, ಅದರೊಳಗಿನ ಪೇಜ್‌ಮೇಕರ್ ಫೈಲು.

ಪೇಜ್‌ಮೇಕರ್‌ದು ಇನ್ನೊಂದು ಕಥೆ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ, ಹೊಸ ವಿಂಡೋಸ್‌ಗಳಿಗೆ ಅಂತ ಅದನ್ನ ಮಾಡಿಯೂ ಇಲ್ಲ. ಆ ಲ್ಯಾಪ್‌ಟಾಪ್‌ಗೆ ಯಾರೋ ನಡುವೆ ವಿಂಡೋಸ್ 7 ಹಾಕಿದ್ರು. 1 ಜಿಬಿ ರ್‍ಯಾಮ್‌ನಲ್ಲಿ ಅದು ಏದುಸಿರು ಬಿಡ್ತಿತ್ತು, ಪೇಜ್‌ಮೇಕರ್ ತೆರೆಯುತ್ತಿರಲಿಲ್ಲ.

“ಲೋ ಮಗ, ಇದಕ್ಕೆ ಅದರ ಕಾಲದ್ದನ್ನೇ ಹಾಕೋ. ಮುದುಕನಿಗೆ ಜೀನ್ಸ್ ಹಾಕಿ ಓಡು ಅಂದ್ರೆ ಓಡ್ತಾನಾ?” ಅಂದ್ರು ಚಿಕ್ಕಪ್ಪ.

ಮೊದಲು ಎಲ್ಲ ಫೈಲು, ಫಾಂಟು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿದ್ವಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬಾರದು. ಆಮೇಲೆ ಚಿಕ್ಕಪ್ಪನ ಹಳೇ ಸಿ.ಡಿ. ಹಾಕಿದ್ರೆ ನೀಲಿ ಪರದೆ. ಕಾರಣ ಇಷ್ಟೇ: ಎಕ್ಸ್‌ಪಿ ಬಂದಾಗ ಈಗಿನ ರೀತಿಯ ಸಾಟಾ ಡಿಸ್ಕ್ ಇನ್ನೂ ಬಂದಿರಲಿಲ್ಲ. ಬಯಾಸ್‌ಗೆ ಹೋಗಿ ಡಿಸ್ಕನ್ನ ಎಎಚ್‌ಸಿಐಯಿಂದ ಐಡಿಇಗೆ ಬದಲಾಯಿಸಿದ ಮೇಲೆ ಸರಾಗ. ಎಕ್ಸ್‌ಪಿ ಕೇಳೋದು 128 ಎಂಬಿ ರ್‍ಯಾಮ್, ಹಾಗಾಗಿ 1 ಜಿಬಿ ಅದಕ್ಕೆ ಅರಮನೆ. ಇಂಟರ್ನೆಟ್ ಮಾತ್ರ ಕೊಡಲಿಲ್ಲ. ಹತ್ತು ವರ್ಷಕ್ಕೂ ಮೇಲೆ ರಕ್ಷಣೆ ಇಲ್ಲದ ವ್ಯವಸ್ಥೆಯನ್ನ ನೆಟ್ಟಿಗೆ ಬಿಡೋದು ಮನೆ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ.

ನುಡಿ, ಪೇಜ್‌ಮೇಕರ್ ಹಾಕಿ ಫೈಲ್ ತೆರೆದಾಗ 38 ಪದಗಳೂ ಕಂಡವು. ಆದರೆ ಕಂಡರೆ ಸಾಲದು, ಹೊರಗೆ ಬರಬೇಕು. ಎಕ್ಸ್‌ಪಿಯ ಮಹತ್ವ ಇರೋದೇ ಇಲ್ಲಿ. 2001ರ ಅಕ್ಟೋಬರ್ 25ಕ್ಕೆ ಬಂದ ಈ ವಿಂಡೋಸ್ ಜೊತೆಗೇ ‘ತುಂಗಾ’ ಅನ್ನೋ ಯೂನಿಕೋಡ್ ಕನ್ನಡ ಫಾಂಟ್ ಬಂತು. ಸೆಟ್ಟಿಂಗ್ಸ್‌ನಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಸಿ.ಡಿ. ಮತ್ತೆ ತೂರಿಸಿದ್ರೆ ಸಾಕು. ಹಳೇ ಕನ್ನಡ, ಹೊಸ ಕನ್ನಡ ಎರಡೂ ಒಂದೇ ಪರದೆ ಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಿದ್ದು ಈ ಹೊಸ ಕನ್ನಡದಲ್ಲೇ. ಪ್ರೆಸ್ಸು, ಡಿಟಿಪಿ ಲೋಕ ಮಾತ್ರ ಎಷ್ಟೋ ವರ್ಷ ಆ ಕಡೆ ದಡದಲ್ಲೇ ಉಳೀತು.

ದಾಟಿಸೋಕೆ ಪರಿವರ್ತಕಗಳಿವೆ. ನುಡಿ, ಬರಹಗಳ ಜೊತೆಗೇ ಬರುತ್ತೆ, ‘ಸಂಚಯ’ದವರದ್ದೂ ಇದೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. ‘ಸೂರ್ಯ’ ಪದ ತಗೊಳ್ಳಿ. ನುಡಿಯಲ್ಲಿ ಅರ್ಕಾವತ್ತು ಯ ಆದಮೇಲೆ ಕೂರುತ್ತೆ, ಯೂನಿಕೋಡಲ್ಲಿ ರ ಮೊದಲು, ಯ ಆಮೇಲೆ. ಯಂತ್ರ ಈ ಜಾಗ ಅದಲುಬದಲು ಮಾಡುವಾಗ ಎಡವಬಹುದು. ಮಧ್ಯೆ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತೆ. ನಾನು ಗಟ್ಟಿಯಾಗಿ ಓದಿದೆ, ಚಿಕ್ಕಪ್ಪ ತಿದ್ದಿದ್ರು. ಎರಡು ರಾತ್ರಿ ಹಿಡೀತು. ಒಂದು ಕಡೆ ನಿಲ್ಲಿಸಿ, “ಇದು ನಮ್ಮಮ್ಮ ಎಳೆದು ಹೇಳ್ತಿದ್ಳು ಕಣೋ, ದೀರ್ಘ ಹಾಕು” ಅಂದ್ರು. ಈ ತಿದ್ದುಪಡಿ ಯಾವ ಪರಿವರ್ತಕಕ್ಕೂ ಬರಲ್ಲ.

ನಾನು ಬಿಕಾಂ ಓದಿದವನು, ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಸುಮಾರು 1990ರಿಂದ 2010ರವರೆಗೆ ಕನ್ನಡಿಗರು ಟೈಪ್ ಮಾಡಿದ್ದೆಲ್ಲ ನಮ್ಮ ಆಸ್ತಿ. ಸ್ಮರಣ ಸಂಚಿಕೆ, ಊರಿನ ಚರಿತ್ರೆ, ಸಂಘದ ನಡವಳಿ ಪುಸ್ತಕ, ಯಾರೋ ಬರೆದಿಟ್ಟ ಆತ್ಮಕಥೆ. ಆದರೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದ್ರೆ ಆ ಫೈಲುಗಳು ಸಿಗಲ್ಲ, ಯಾಕಂದ್ರೆ ಯಂತ್ರದ ಕಣ್ಣಿಗೆ ಅದು ಕನ್ನಡವೇ ಅಲ್ಲ. ಹಾಳೆ ಕಳೆದು, ಹಾರ್ಡ್‌ಡಿಸ್ಕ್ ಸತ್ತರೆ ಆ ಆಸ್ತಿ ಸೊನ್ನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗೀತು. ಮನೆಮನೆಯ ಅಟ್ಟದಿಂದ ಹಳೇ ಕಂಪ್ಯೂಟರ್‌ಗಳು ಗುಜರಿಗೆ ಹೊರಡ್ತಿವೆ. ಕೊಡೋ ಮುಂಚೆ ಒಂದ್ಸಲ ಆನ್ ಮಾಡಿ. ಚಿತ್ರಾನ್ನದಂಥ ಫೈಲು ಕಂಡ್ರೆ ಡಿಲೀಟ್ ಮಾಡಬೇಡಿ, ಫಾಂಟಿನ ಸಮೇತ ನಕಲು ಮಾಡಿಕೊಳ್ಳಿ. ತೆರೆಯೋಕಾದ್ರೆ ಒಂದು ಪಿಡಿಎಫ್, ಒಂದು ಯೂನಿಕೋಡ್ ಪ್ರತಿ, ಎರಡೂ ಇಡಿ. ಟೈಪ್ ಮಾಡಿದವರು ಬದುಕಿದ್ರೆ ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಲ್ಯಾಪ್‌ಟಾಪ್‌ಗಿಂತ ಆ ಕೆಲಸಕ್ಕೇ ಆತುರ ಜಾಸ್ತಿ.